ದಪ್ಪ ಇದ್ದರೆ ಗಟ್ಟಿನಾ? ಮೂರು ಹೊಸ ಚಾಕುಗಳ ಮೊದಲ ನೋಟ

ಈ ಸದ್ದು ಕೇಳಿಸಿತಾ? ಮೇಜಿನ ಮೇಲೆ ಚಾಕು ಇಟ್ಟ ಸದ್ದು. ಮೆಲ್ಲಗೇ ಇಟ್ಟೆ. ಆದರೂ ಮೈಕು ಬೆಚ್ಚಿಬಿದ್ದಿರಬೇಕು. ತೂಕ ಹಾಕಿ ನೋಡಿದೆ, 640 ಗ್ರಾಂ. ಇದನ್ನು ಚಾಕು ಅನ್ನಬೇಕೋ ಮಚ್ಚು ಅನ್ನಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ.

ನಮಸ್ಕಾರ. ಇವತ್ತು ಮೇಜಿನ ಮೇಲೆ ಮೂರು ಚಾಕುಗಳಿವೆ. ಮೂರೂ ಕೈಯಲ್ಲಿ ಮಾಡಿದವು, ಮೂರೂ ಹೊರಾಂಗಣದ ಒರಟು ಕೆಲಸಕ್ಕೆ ಅಂತಲೇ ಮಾಡಿದವು. ಮೂರಕ್ಕೂ ‘ಹೆವಿ ಡ್ಯೂಟಿ’ ಅನ್ನೋ ಹಣೆಪಟ್ಟಿ. ದೊಡ್ಡದರ ಅಲಗು 25 ಸೆಂಟಿಮೀಟರ್, ನಡುವಿನದು 15, ಚಿಕ್ಕದು 12. ಒಬ್ಬರೇ ಕೂತು ಮಾಡಿದ ಕೆಲಸ. ನಾನು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೇನೆ. ಮಾಡಿದವರ ಹೆಸರು ಹೇಳುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ನಾಲ್ಕು ದಿನ ಬಳಸಿ ಒಬ್ಬರ ಹೆಸರಿಗೆ ಎರಡನ್ನೂ ಅಂಟಿಸಲು ನನಗೆ ಮನಸ್ಸಿಲ್ಲ.

ಡಬ್ಬ ಬಿಚ್ಚಿದ ಕೂಡಲೇ ನಾನು ಮಾಡಿದ್ದು ಏನು ಗೊತ್ತಾ? ಬೆನ್ನಿನ ದಪ್ಪ ನೋಡಿದೆ. ನಾವೆಲ್ಲ ಅದನ್ನೇ ನೋಡುವುದು. ದೊಡ್ಡದು ಆರೂವರೆ ಮಿಲಿಮೀಟರ್, ನಡುವಿನದು 5, ಚಿಕ್ಕದು 4. ‘ಅಬ್ಬಾ, ಆರೂವರೆ!’ ಅಂತ ಬಾಯಿಂದ ಬಂದೇಬಿಟ್ಟಿತು. ಈಗ ಯೋಚಿಸಿದರೆ ನನ್ನ ಮೇಲೆ ನನಗೇ ನಗು ಬರುತ್ತದೆ.

ದಪ್ಪದ ಲೆಕ್ಕ ಸ್ವಲ್ಪ ವಿಚಿತ್ರ. ಪಟ್ಟಿಯನ್ನು ದಪ್ಪ ಮಾಡುತ್ತಾ ಹೋದರೆ ಅದರ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 4 ಮಿಲಿಮೀಟರ್ ಪಟ್ಟಿಯನ್ನು 6 ಮಾಡಿದರೆ ತೂಕ ಒಂದೂವರೆ ಪಟ್ಟು, ಬಿಗಿ ಮಾತ್ರ ಸುಮಾರು 3.4 ಪಟ್ಟು. ಹಾಗಾಗಿ ದಪ್ಪ ಚಾಕು ಕೈಯಲ್ಲಿ ಕಂಬಿಯ ಹಾಗೆ ಅನ್ನಿಸುತ್ತದೆ. ಬಗ್ಗಿಸಲು ನೋಡಿದರೆ ಜಗ್ಗುವುದಿಲ್ಲ. ಇನ್ನೊಂದು ಮಾತು. ಈ ಬಿಗಿಗೂ ಉಕ್ಕಿಗೆ ಕಾಯಿಸಿ ತಣಿಸಿ ಹಾಕಿದ ಹದಕ್ಕೂ ಸಂಬಂಧವೇ ಇಲ್ಲ. ಹದ ಸರಿಯಾಗಿರಲಿ, ಕೆಟ್ಟಿರಲಿ, ಒಂದೇ ದಪ್ಪದ ಎರಡು ಅಲಗು ಶುರುವಿನಲ್ಲಿ ಒಂದೇ ತರಹ ಬಾಗುತ್ತವೆ. ಬಗ್ಗಿದ ಮೇಲೆ ವಾಪಸ್ ನೆಟ್ಟಗಾಗುತ್ತದೋ, ಬಗ್ಗಿದಂತೆಯೇ ಉಳಿಯುತ್ತದೋ, ಪಟ್ ಅಂತ ಮುರಿಯುತ್ತದೋ, ಅದನ್ನು ನಿರ್ಧರಿಸುವುದು ಹದ. ಅಂದರೆ ಕೈಯಲ್ಲಿ ಹಿಡಿದಾಗ ‘ಆಹಾ, ಗಟ್ಟಿ’ ಅನ್ನಿಸಿದ್ದು ಬರೀ ದಪ್ಪದ ಮಾತು. ಉಕ್ಕು ಇನ್ನೂ ಬಾಯಿ ಬಿಟ್ಟಿಲ್ಲ.

ಕೊಯ್ಯುವ ವಿಷಯಕ್ಕೆ ಬಂದರೆ ದಪ್ಪ ನಮ್ಮ ಕಡೆ ಇರುವುದಿಲ್ಲ. ಚಾಕು ಅಂದರೆ ಒಂದು ಬೆಣೆ. ಬೆಣೆ ದಪ್ಪ ಆದಷ್ಟೂ ಸೀಳುತ್ತದೆ, ಕೊಯ್ಯುವುದಿಲ್ಲ. ಅದಕ್ಕೇ ಬೆನ್ನಿನ ಅಳತೆಗಿಂತ ನನಗೆ ಬಾಯಿಯ ಅಳತೆ ಮುಖ್ಯ. ಮಸೆದ ಅಂಚು ಶುರುವಾಗುತ್ತದಲ್ಲ, ಸರಿಯಾಗಿ ಅದರ ಹಿಂದೆ ವರ್ನಿಯರ್ ಇಟ್ಟು ನೋಡಬೇಕು. ಚಿಕ್ಕದರಲ್ಲಿ 0.4 ಮಿಲಿಮೀಟರ್ ಬಂತು. ದೊಡ್ಡದರಲ್ಲಿ 0.8. ಕಡಿಯುವ ಚಾಕುವಿಗೆ ಅಷ್ಟು ಬೇಕು, ಸರಿ. ನಡುವಿನದರಲ್ಲಿ ಎಷ್ಟಿರಬಹುದು? 1.2! ದೊಡ್ಡಣ್ಣನಿಗಿಂತ ಜಾಸ್ತಿ. ವರ್ನಿಯರ್ ಕೆಟ್ಟಿದೆಯೇನೋ ಅಂತ ಮೂರು ಸಲ ಅಳೆದೆ. ಅದರ ಪಾಡಿಗೆ ಅದು ಸರಿಯಾಗೇ ಇತ್ತು.

ಅದರ ಫಲ ಮೊದಲ ದಿನವೇ ಕಾಣಿಸಿತು. ಬೆಂಕಿ ಹಚ್ಚಲು ಒಣ ಕಡ್ಡಿಯ ಮೇಲೆ ತೆಳ್ಳಗೆ ಸುರುಳಿ ಏಳಿಸುತ್ತಾರಲ್ಲ, ಫೆದರ್ ಸ್ಟಿಕ್, ಅದನ್ನು ಮಾಡಲು ಕೂತೆ. ಚಿಕ್ಕ ಚಾಕು ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಸುರುಳಿಗಳು ಒಂದರ ಮೇಲೊಂದು ಕೂತವು. ದೊಡ್ಡದರಲ್ಲೂ ಮಾಡಿದೆ, ಮಣಿಕಟ್ಟು ನೋಯಿತು, ಆದರೂ ಆಯಿತು. ನಡುವಿನದು? ಕಡ್ಡಿಯೊಳಗೆ ಇಳಿಯುವುದು, ಚಕ್ಕೆ ಎಬ್ಬಿಸುವುದು, ಚಕ್ಕೆ ಮುರಿದು ಕೆಳಗೆ ಬೀಳುವುದು. ಕ್ಷೌರ ಮಾಡುವಷ್ಟು ಹರಿತ ಇದೆ, ಕೈಮೇಲಿನ ಕೂದಲು ತೆಗೆಯುತ್ತದೆ. ಆದರೆ ಮರದೊಳಗೆ ಹೋಗಲು ಒಲ್ಲೆ ಅನ್ನುತ್ತದೆ. ಹರಿತ ಇದ್ದೂ ಕೊಯ್ಯದ ಚಾಕು ಅಂದರೆ ಇದೇ.

ನ್ಯಾಯವಾಗಿ ಹೇಳಬೇಕಲ್ವಾ? ಅದೇ ನಡುವಿನ ಚಾಕುವನ್ನು ಕಟ್ಟಿಗೆ ತುಂಡಿನ ಮೇಲಿಟ್ಟು, ಬೆನ್ನಿನ ಮೇಲೆ ಇನ್ನೊಂದು ಕಟ್ಟಿಗೆಯಿಂದ ಹೊಡೆದು ಸೀಳಿದಾಗ ಮೂರರಲ್ಲಿ ಅದೇ ಮೇಲು. ಎರಡೇ ಏಟು, ತುಂಡು ಎರಡಾಗಿ ಆಚೆ ಈಚೆ ಬಿತ್ತು. ಬೆಣೆ ಅಂದೆನಲ್ಲ, ಬೆಣೆಯ ಕೆಲಸ ಮಾಡಿತು. ಹೀಗೆ ಹೊಡೆದು ಸೀಳುವುದಕ್ಕೆ ಬ್ಯಾಟನಿಂಗ್ ಅನ್ನುತ್ತಾರೆ. ಅದೊಂದನ್ನೇ ತೋರಿಸಿ ‘ನೋಡಿ ಎಂಥ ಚಾಕು’ ಅನ್ನುವ ವಿಡಿಯೊಗಳನ್ನು ನಾನು ನಂಬುವುದಿಲ್ಲ. ಸೀಳುವುದಕ್ಕೆ ಕೊಡಲಿ ಅಂತ ಒಂದು ವಸ್ತು ಇದೆ.

ಈಗ ಹದ. ಇಡೀ ಚಾಕುವಿನಲ್ಲಿ ಕಣ್ಣಿಗೆ ಕಾಣದ ಕೆಲಸ ಇದೊಂದೇ. ಚಾಕು ಒಳ್ಳೆಯದೋ ಕೆಟ್ಟದ್ದೋ ಅನ್ನುವುದೆಲ್ಲ ಇಲ್ಲೇ ಇತ್ಯರ್ಥ ಆಗುತ್ತದೆ. ದೊಡ್ಡ ಚಾಕು 5160 ಅನ್ನುವ ಉಕ್ಕಿನದು. ಗಾಡಿಗಳ ಪಟ್ಟೆ ಸ್ಪ್ರಿಂಗ್‌ಗೆ ಬಳಸುವ ಉಕ್ಕು, ಕಾರ್ಬನ್ ಸುಮಾರು 0.6 ಶೇಕಡಾ, ಜೊತೆಗೆ ಸ್ವಲ್ಪ ಕ್ರೋಮಿಯಂ. ಏಟು ತಡೆದುಕೊಳ್ಳುವುದರಲ್ಲಿ ಗಟ್ಟಿಗ. ಚಿಕ್ಕದು 1095. ಅದರಲ್ಲಿ ಕಾರ್ಬನ್ ಸುಮಾರು 0.95 ಶೇಕಡಾ. ಹರಿತ ಚೆನ್ನಾಗಿ ಹಿಡಿಯುತ್ತದೆ, ಆದರೆ ಹದ ಹಾಕುವವರ ಕೈ ಪಳಗಿರಬೇಕು. ಬಿಸಿಯಿಂದ ತೆಗೆದು ತಣಿಸುವಾಗ ತಡವಾದರೆ ಅದು ಗಟ್ಟಿಯಾಗುವುದೇ ಇಲ್ಲ. ಒಂದು ಸೆಕೆಂಡಿನಷ್ಟೂ ಪುರುಸೊತ್ತು ಕೊಡದ ಉಕ್ಕು.

ಕುಲುಮೆಯಲ್ಲಿ ಆಗುವುದು ಇಷ್ಟು. ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುತ್ತಾರೆ. ಸುಮಾರು 770ರ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕೇ ಸಣ್ಣ ಕುಲುಮೆಗಳಲ್ಲಿ ಪಕ್ಕದಲ್ಲೊಂದು ಅಯಸ್ಕಾಂತ ನೇತು ಹಾಕಿರುತ್ತಾರೆ. ಅಂಟದೇ ಹೋದರೆ, ಇನ್ನು ಸ್ವಲ್ಪ ಕಾಯಿಸಿದರೆ ಸಾಕು ಅಂತ ಲೆಕ್ಕ. ಆಮೇಲೆ ಎಣ್ಣೆಯಲ್ಲಿ ಅದ್ದುತ್ತಾರೆ. ಆ ಗಳಿಗೆಯಲ್ಲಿ ಉಕ್ಕು ಗಾಜು ಇದ್ದ ಹಾಗೆ. ಕೈಜಾರಿ ನೆಲಕ್ಕೆ ಬಿದ್ದರೆ ಒಡೆದು ಹೋಗಲೂಬಹುದು. ಆದ್ದರಿಂದ ಮತ್ತೆ 200 ಡಿಗ್ರಿ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಎರಡು ಸಲ, ಗಂಟೆಗಟ್ಟಲೆ ಇಟ್ಟು ಬಿಗುಮಾನ ಇಳಿಸುತ್ತಾರೆ. ಮೇಲ್ಮೈಗೆ ಒಣಹುಲ್ಲಿನ ಬಣ್ಣ ಬರುತ್ತದೆ. ಹೀಗೆ ಇಳಿದ ಮೇಲೆ ಈ ತರಹದ ಒರಟು ಕೆಲಸದ ಚಾಕುಗಳು ಸಾಮಾನ್ಯವಾಗಿ ಗಡಸುತನ ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ 56ರಿಂದ 59ರ ನಡುವೆ ನಿಲ್ಲುತ್ತವೆ.

ನನ್ನ ಮನೆಯಲ್ಲಿ ರಾಕ್‌ವೆಲ್ ಯಂತ್ರ ಇಲ್ಲ. ಒಂದು ಹಿತ್ತಾಳೆ ಸರಳು ಇದೆ. ಚಾಕುವಿನ ಬಾಯಿಯನ್ನು ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯುತ್ತೇನೆ. ಅಂಚು ಒಂದು ಕೂದಲೆಳೆಯಷ್ಟು ಬಾಗಿ ಮತ್ತೆ ನೆಟ್ಟಗಾದರೆ ಹದ ಸರಿ. ಬಾಗಿದಂತೆಯೇ ಉಳಿದರೆ ಮೆತ್ತಗಾಗಿದೆ. ಚಕ್ಕೆ ಎದ್ದರೆ ಅತಿ ಗಡಸಾಗಿದೆ. ದೊಡ್ಡದೂ ಚಿಕ್ಕದೂ ಎರಡೂ ಬಾಗಿ ವಾಪಸ್ ಬಂದವು. ನೋಡಿ ಖುಷಿಯಾಯಿತು. ನಡುವಿನದು ಬಾಗಲೇ ಇಲ್ಲ. ಅಷ್ಟು ದಪ್ಪ ಬಾಯಿ ಹಿತ್ತಾಳೆಗೆಲ್ಲ ಬಾಗುತ್ತದಾ? ಹೀಗಾಗಿ ಅದರ ಹದ ಹೇಗಿದೆ ಅಂತ ಪರೀಕ್ಷೆ ಮಾಡಲೂ ಆಗಲಿಲ್ಲ. ಉತ್ತರ ಬರೆಯದೇ ಕಾಗದ ಕೊಟ್ಟು ಎದ್ದುಹೋದ ಹುಡುಗನ ಹಾಗೆ.

ಅಮೆರಿಕದಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ ಒಂದು ಸಂಘ ಇದೆ, 1976ರಲ್ಲಿ ಶುರುವಾದದ್ದು. ಅವರು ಕಮ್ಮಾರರಿಗೆ ಇಡುವ ಪರೀಕ್ಷೆ ನನಗೆ ತುಂಬಾ ಇಷ್ಟ. ಒಂದೇ ಚಾಕು, ನಾಲ್ಕು ಕೆಲಸ. ಗಾಳಿಯಲ್ಲಿ ತೂಗುತ್ತಿರುವ ಒಂದಿಂಚಿನ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ದಪ್ಪ ರೀಪನ್ನು ಎರಡು ಸಲ ಕಡಿದು ತುಂಡು ಮಾಡಬೇಕು. ಅಷ್ಟಾದ ಮೇಲೂ ಮತ್ತೆ ಮಸೆಯದೇ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅದೇ ಚಾಕುವನ್ನು ವೈಸ್‌ನಲ್ಲಿ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಬೇಕು, ಎರಡು ತುಂಡಾಗಬಾರದು. ಇಲ್ಲಿ ಬೆನ್ನು ಸುಮ್ನೆ ದಪ್ಪ ಮಾಡಿಕೊಂಡು ಬಂದವನಿಗೆ ಹಗ್ಗವೇ ಕೈ ಕೊಡುತ್ತದೆ, ಬಗ್ಗಿಸುವಾಗಲೂ ಬೆವರು ಬರುತ್ತದೆ. ಬರೀ ತೆಳು ಮಾಡಿಕೊಂಡು ಬಂದವನ ಬಾಯಿ ಮರದಲ್ಲೇ ಹಾಳಾಗುತ್ತದೆ. ನಾನು ನನ್ನ ಚಾಕುಗಳನ್ನು ವೈಸ್‌ಗೆ ಸಿಕ್ಕಿಸಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಕಡಿಯುವುದನ್ನಂತೂ ಮಾಡಿದೆ. ದೊಡ್ಡದನ್ನು ತೆಗೆದುಕೊಂಡು ತೋಳಿನಷ್ಟು ದಪ್ಪದ ಒಣ ಕೊಂಬೆ ಕಡಿದೆ. ಇದರ ತೂಕ ನಿಲ್ಲುವ ಬಿಂದು ಹಿಡಿಯಿಂದ ಐದು ಸೆಂಟಿಮೀಟರ್ ಮುಂದಿದೆ. ಹಾಗಾಗಿ ಬೀಸಿದರೆ ತಾನಾಗಿಯೇ ಇಳಿಯುತ್ತದೆ, ನಾವು ದಾರಿ ತೋರಿಸಿದರೆ ಸಾಕು. ಮೊದಲ ಇಪ್ಪತ್ತು ಏಟು ಸ್ವರ್ಗ. ನಲವತ್ತು ದಾಟಿದ ಮೇಲೆ ಮಣಿಕಟ್ಟು ಮಾತಾಡಲು ಶುರು ಮಾಡಿತು. ಬೆನ್ನು ಬುಡದಿಂದ ತುದಿಯ ಹತ್ತಿರದವರೆಗೂ ಒಂದೇ ದಪ್ಪ ಇದೆ, ಮುಂದೆ ಹೋಗುತ್ತಾ ತೆಳ್ಳಗಾಗಿಲ್ಲ. ಅಲ್ಲಿ ಸ್ವಲ್ಪ ತೆಳು ಮಾಡಿದ್ದರೆ ಇದೇ ಚಾಕು ನೂರು ಗ್ರಾಂ ಹಗುರವಾಗಿ, ಇನ್ನೂ ಚುರುಕಾಗಿ ಇರುತ್ತಿತ್ತು. ಆ ಒಂದು ಕೆಲಸ ಉಳಿಸಿಕೊಂಡಿದ್ದಾರೆ. ‘ಆರೂವರೆ ಮಿಲಿಮೀಟರ್’ ಅಂತ ಹೇಳಿಕೊಳ್ಳಲೇ ಉಳಿಸಿಕೊಂಡರೇನೋ, ನನಗೆ ಆ ಗುಮಾನಿ ಇದೆ. ಒಂದು ಏಟು ನೇರ ಗಂಟಿಗೆ ಬಿತ್ತು. ಬಾಯಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಹರಿತವಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ, ಮೊಂಡಾದ ಜಾಗ ಮಾತ್ರ ಮಿಂಚುತ್ತದೆ. ಎಳ್ಳಿನಷ್ಟು ಒಂದು ಮಿಂಚು ಕಂಡಿತು. ಚಕ್ಕೆ ಎದ್ದಿರಲಿಲ್ಲ. ಸಾಣೆಯ ಮೇಲೆ ಹತ್ತು ಸಲ ಎಳೆದೆ, ಹೋಯಿತು.

ಹಿಡಿಯ ಬಗ್ಗೆ ಹೇಳಲೇಬೇಕು. ಮೂರಕ್ಕೂ ಮೈಕಾರ್ಟಾ. ಬಟ್ಟೆಯ ಪದರಗಳನ್ನು ರಾಳದಲ್ಲಿ ನೆನೆಸಿ ಒತ್ತಿ ಮಾಡುವ ಹಲಗೆ ಅದು. ಪಾಲಿಶ್ ಮಾಡದೇ ಬಿಟ್ಟರೆ ಒದ್ದೆ ಕೈಯಲ್ಲೂ ಜಾರುವುದಿಲ್ಲ. ಚಿಕ್ಕದರಲ್ಲೂ ದೊಡ್ಡದರಲ್ಲೂ ಹಾಗೇ ಬಿಟ್ಟಿದ್ದಾರೆ. ನಡುವಿನದಕ್ಕೆ ಕನ್ನಡಿಯ ಹಾಗೆ ಪಾಲಿಶ್. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಬೆವರು ಬಂದರೆ ಮೀನು. ಮೂರರಲ್ಲೂ ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡು, ಹಿಡಿಯ ಅಗಲಕ್ಕೇ ಇದೆ. ಈ ಕೆಲಸಕ್ಕೆ ಹಾಗೇ ಇರಬೇಕು. ಆದರೆ ದೊಡ್ಡದರ ಬಲಗಡೆ ಉಕ್ಕಿಗೂ ಹಿಡಿಗೂ ನಡುವೆ ಒಂದು ಸಣ್ಣ ಬಿರುಕು ಇದೆ. ಉಗುರು ಹೋಗುವುದಿಲ್ಲ, ಕಾಗದದ ಅಂಚು ಹೋಗುತ್ತದೆ. ಕಾಗದ ಹೋದರೆ ನೀರೂ ಹೋಗುತ್ತದೆ. ಇದು ಸ್ಟೇನ್‌ಲೆಸ್ ಅಲ್ಲ. ಹೊರಗಿನ ತುಕ್ಕನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಬಹುದು, ಹಿಡಿಯೊಳಗಿನ ತುಕ್ಕನ್ನು ಯಾರು ಒರೆಸುತ್ತಾರೆ?

ಒರೆಗಳು ಕೈಡೆಕ್ಸ್ ಪ್ಲಾಸ್ಟಿಕ್ಕಿನವು. ಬಿಗಿಯಾಗಿವೆ, ಟಕ್ ಅಂತ ಕೂರುತ್ತವೆ. ಚರ್ಮದ ಒರೆ ಬೇಕಿತ್ತು ಅಂತ ಅನ್ನಿಸಿದ್ದು ನಿಜ. ಆದರೆ ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಈ ಉಕ್ಕಿಗೆ ಅದು ಆಗಿಬರುವುದಿಲ್ಲ.

‘ಕೈಯಲ್ಲಿ ಮಾಡಿದ್ದು’ ಅನ್ನುವ ಮಾತಿನ ಬಗ್ಗೆಯೂ ಜನ ಜಗಳ ಆಡುತ್ತಾರೆ. ಸುತ್ತಿಗೆಯಲ್ಲಿ ಬಡಿದು ಮಾಡಿದ್ದೇ ಶ್ರೇಷ್ಠ, ಪಟ್ಟಿಯಿಂದ ಕತ್ತರಿಸಿ ಬೆಲ್ಟ್ ಗ್ರೈಂಡರ್‌ನಲ್ಲಿ ಉಜ್ಜಿದ್ದು ಮೋಸ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾರ್ಖಾನೆಯಿಂದ ಬರುವ ಪಟ್ಟಿ ಆಗಲೇ ರೋಲರ್‌ಗಳ ನಡುವೆ ಸಿಕ್ಕು ಹಣ್ಣಾಗಿ ಬಂದಿರುತ್ತದೆ. ಇನ್ನೂ ನಾಲ್ಕು ಏಟು ಹೊಡೆದರೆ ಅದಕ್ಕೆ ಹೊಸ ಶಕ್ತಿಯೇನೂ ಬರುವುದಿಲ್ಲ. ಈ ನಡುವಿನ ಚಾಕುವಿನ ಬೆನ್ನಿನ ಹತ್ತಿರ ಸುತ್ತಿಗೆಯ ಗುರುತುಗಳನ್ನು ಬೇಕಂತಲೇ ಉಳಿಸಿದ್ದಾರೆ. ಮೂರರಲ್ಲಿ ಸುತ್ತಿಗೆ ಕಂಡಿದ್ದು ಇದೊಂದೇ. ಕೆಲಸದಲ್ಲಿ ಹಿಂದೆ ಬಿದ್ದಿದ್ದೂ ಇದೊಂದೇ.

ಚಿಕ್ಕದರ ಬಗ್ಗೆ ಜಾಸ್ತಿ ಮಾತಾಡಲೇ ಇಲ್ಲ ಅಂತ ಈಗ ಗಮನಕ್ಕೆ ಬಂತು. ದೂರುವುದಕ್ಕೆ ಏನೂ ಸಿಗಲಿಲ್ಲ. ಬೆನ್ನಿನ ಅಂಚು ಚೂಪಾಗಿ 90 ಡಿಗ್ರಿಗೆ ಇದೆ, ಕಿಡಿ ಸರಳನ್ನು ಒಂದು ಸಲ ಎಳೆದರೆ ಕಿಡಿ ಸುರಿಯುತ್ತದೆ. ನಾಲ್ಕು ದಿನದಲ್ಲಿ ಬೆನ್ನ ಕೆಳಗೆ ಬೂದಿ ನೀಲಿ ಬಣ್ಣ ಹತ್ತಿದೆ, ನಾನು ಉಜ್ಜಿ ತೆಗೆಯುವುದಿಲ್ಲ. ಮೊದಲ ದಿನ ಡಬ್ಬದಿಂದ ಕೊನೆಗೆ ತೆಗೆದಿದ್ದು ಇದನ್ನೇ. ಈಗ ಸೊಂಟದಲ್ಲಿ ಇರುವುದೂ ಇದೇ.

ದೊಡ್ಡದರ ಬಿರುಕಿಗೆ ತೆಳು ಎಪಾಕ್ಸಿ ಇಳಿಸಿ ನಾನೇ ಮುಚ್ಚುತ್ತೇನೆ, ಅಷ್ಟು ಬರುತ್ತದೆ. ನಡುವಿನದನ್ನು ವಾಪಸ್ ಕಳಿಸುತ್ತಿದ್ದೇನೆ. ಅಳತೆಯ ಫೋಟೋ ಕಳಿಸಿದೆ, ಅವರು ವಾದ ಮಾಡಲಿಲ್ಲ, ಬಾಯಿ 0.5ಕ್ಕೆ ಇಳಿಸಿಕೊಡುತ್ತೇನೆ ಅಂದರು. ಬಂದ ಮೇಲೆ ಮೊದಲು ಹಿತ್ತಾಳೆ ಸರಳು, ಆಮೇಲೆ ಅದೇ ಒಣ ಕಡ್ಡಿ. ಕಡ್ಡಿಗಳನ್ನು ಎತ್ತಿಟ್ಟಿದ್ದೇನೆ.