ಮಣ್ಣಿಲ್ಲದ ಹಿತ್ತಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಏಪ್ರಿಲಿನಲ್ಲಿ ಪುತ್ತೂರಿನ ಹತ್ತಿರದ ಒಂದು ಗುಡ್ಡೆಯ ಮೇಲೆ, ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ ಒಕ್ಕಲಾಯಿತು. ನೆಂಟರು ಹೊರಟ ಮರುದಿನವೇ ಹಾರೆ ಹಿಡಿದು ಹಿತ್ತಿಲಿಗಿಳಿದೆ. ಮೂವತ್ತು ವರ್ಷ ಬಾಡಿಗೆ ಮನೆಗಳ ಜಗಲಿಯಲ್ಲಿ ಚಟ್ಟಿಯೊಳಗೆ ಗಿಡ ಸಾಕಿದವಳಿಗೆ ಆತುರ ಇರದೆ ಹೇಗೆ? ಹಾಕಿದ ಹಾರೆ ಠಣ್ಣೆಂದು ವಾಪಸು ಹಾರಿತು. ಅಲ್ಲಿ ಮಣ್ಣೇ ಇರಲಿಲ್ಲ.

ನಮ್ಮ ಕಡೆ ಈಗ ಮನೆ ಕಟ್ಟುವುದೆಂದರೆ ಮೊದಲು ಜೆಸಿಬಿ ಬಂದು ಗುಡ್ಡೆ ಸಮ ಮಾಡಬೇಕು. ಎಷ್ಟೋ ವರ್ಷ ತರಗೆಲೆ ಕೊಳೆತು ಆದ ಮೇಲ್ಮಣ್ಣು ಮೊದಲ ದಿನವೇ ಬರೆಯ, ಅಂದರೆ ಗುಡ್ಡೆ ಕಡಿದ ಕಡಿದಾದ ಅಂಚಿನ, ಕೆಳಗೆ ಹೋಗಿ ಬೀಳುತ್ತದೆ. ಉಳಿಯುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಆ ಮಣ್ಣನ್ನು ಒಂದು ಮೂಲೆಯಲ್ಲಿ ರಾಶಿ ಹಾಕಿಸಿ ಇಡಬಹುದಿತ್ತು. ಪಂಚಾಂಗದ ಕಲ್ಲು, ಸಿಮೆಂಟು, ಕಬ್ಬಿಣ ಎಂದು ಲೆಕ್ಕ ಬರೆಯುತ್ತಿದ್ದ ನಮಗೆ ಅದು ಹೊಳೆಯಲಿಲ್ಲ. ಮನೆ ಕಟ್ಟಿಸಲು ಹೊರಟವರು ಯಾರಾದರೂ ಕೇಳುತ್ತಿದ್ದರೆ, ಜೆಸಿಬಿಯವನಿಗೆ ಇದೊಂದು ಮಾತು ಹೇಳಿಬಿಡಿ.

ನಾನು ಮಾಡಿದ್ದು ಬೇರೆ. ಒಂದು ಲೋಡು ಕೆಂಪು ಮಣ್ಣು ತರಿಸಿ ಹರಡಿದೆ. ಪಿಕ್ಕಾಸಿನಲ್ಲಿ ಒಂದೊಂದೂವರೆ ಅಡಿಯ ಗುಂಡಿ ಮಾಡಿಸಿ ನರ್ಸರಿಯಿಂದ ಹದಿನಾಲ್ಕು ಗಿಡ ತಂದು ನೆಟ್ಟೆ: ಮಾವು, ಚಿಕ್ಕು, ಪೇರಳೆ, ಮಲ್ಲಿಗೆ, ಇನ್ನೂ ಏನೇನೋ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗಟ್ಟಿ ಕಲ್ಲಿನ ಗುಂಡಿಯಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು? ಹದಿನಾಲ್ಕು ಗುಂಡಿಗಳೂ ಹದಿನಾಲ್ಕು ಬಕೆಟುಗಳಾದವು. ಜುಲೈಯಲ್ಲಿ ಚಿಕ್ಕು ಗಿಡವನ್ನು ಸುಮ್ಮನೆ ಹಿಡಿದೆ, ಕೈಗೇ ಬಂತು. ಬೇರು ಕಪ್ಪಾಗಿ ನಾರುತ್ತಿತ್ತು.

ಹರಡಿದ ಮಣ್ಣಿನ ಕಥೆ ಕೆಳಗಿನ ಮನೆಯಾಕೆ ಹೇಳಿದರು. ಬೇಲಿಯ ಆಚೆಯಿಂದ ಕರೆದು, "ಟೀಚರೇ, ನಿಮ್ಮ ಮಣ್ಣು ನಮ್ಮ ಬಾವಿಕಟ್ಟೆ ಹತ್ರ ಬಂದು ಕೂತಿದೆ. ಬುಟ್ಟಿ ಹಿಡ್ಕೊಂಡು ಬನ್ನಿ" ಎಂದರು. ನಾಚಿಕೆಯಾಯಿತು. ಹೋಗಿ ಎಂಟು ಬುಟ್ಟಿ ಹೊತ್ತು ತಂದೆ.

ಅಂದಿನಿಂದ ಗಿಡದ ಯೋಚನೆ ಬಿಟ್ಟು ಕೊಡೆ ಹಿಡಿದು ನೀರು ನೋಡಲು ನಿಂತೆ. ಮಾಡಿನ ನೀರು ಎಲ್ಲಿ ಧುಮುಕುತ್ತದೆ, ಅಂಗಳದಿಂದ ಯಾವ ಕಡೆ ಹರಿಯುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ ಎಂದು. ಇಳಿಜಾರಿಗೆ ಅಡ್ಡಲಾಗಿ ಎರಡು ಕಣಿ, ಅಂದರೆ ಕಾಲುವೆ, ತೆಗೆಸಿದೆ. ಬರೆಯ ಅಂಚಿಗೆ ಸಾಲಾಗಿ ಲಾವಂಚ ನೆಟ್ಟೆ. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತರಕಾರಿಗೆ ಗುಂಡಿ ಬಿಟ್ಟು ನೆಲದ ಮೇಲೆಯೇ ಏರಿ ಮಾಡಿದೆ: ಅಡಿಗೆ ಸೊಪ್ಪು, ಮೇಲೆ ಹಟ್ಟಿಗೊಬ್ಬರ, ಅದರ ಮೇಲೆ ಆ ಎಂಟು ಬುಟ್ಟಿ ಮಣ್ಣು. ತಡವಾಗಿ ಹಾಕಿದರೂ ಅಲಸಂಡೆ ನಾಲ್ಕು ಸಲ ಪಲ್ಯಕ್ಕಾಯಿತು. ಬೆಂಡೆ ಹೇಳಿಕೊಳ್ಳುವ ಹಾಗಿರಲಿಲ್ಲ. ಗಾರೆ ಕಲಸಿದ ಮೂಲೆಯಲ್ಲಂತೂ ಹುಲ್ಲೂ ಹುಟ್ಟಲಿಲ್ಲ. ಅಲ್ಲಿ ಈಗ ಬಟ್ಟೆ ಒಗೆಯುವ ಕಲ್ಲಿದೆ.

ದೀಪಾವಳಿ ಕಳೆದ ಮೇಲೆ ಬಸಳೆ. ಬಲಿತ ಬಳ್ಳಿಯ ನಾಲ್ಕು ಗೆಣ್ಣಿನ ತುಂಡು, ಎರಡು ಗೆಣ್ಣು ಮಣ್ಣಿನೊಳಗೆ, ಒಂದು ವಾರ ತೆಂಗಿನ ಮಡಲಿನ ನೆರಳು. ಅಕ್ಕಿ ತೊಳೆದ ನೀರು, ಒಲೆಯ ಬೂದಿ ಅಷ್ಟೇ ಕೊಟ್ಟದ್ದು. ಜನವರಿಗೆ ಚಪ್ಪರ ಮುಚ್ಚಿತು. ಫೆಬ್ರವರಿಯಲ್ಲಿ ರಸ್ತೆ ಬದಿಯ ತರಗೆಲೆ ಗೋಣಿಗಟ್ಟಲೆ ಗುಡಿಸಿ ತಂದೆ. ಸ್ವಲ್ಪವನ್ನು ಹಿರಿಯರು ಮಾಡುತ್ತಿದ್ದ ಹಾಗೆ ಮಣ್ಣಿನ ಜೊತೆ ಪದರ ಪದರವಾಗಿ ಒಟ್ಟಿ ಸುಡುಮಣ್ಣು ಮಾಡಿದೆ. ಮೂರು ದಿನ ಹೊಗೆಯಾಡಿತು. ಆ ವಾಸನೆಗೆ ಅಜ್ಜಿಮನೆ ನೆನಪಾಯಿತು, ನಿಜ. ಆದರೆ ಎಲ್ಲವನ್ನೂ ಸುಡುವುದು ನನಗೆ ಮನಸ್ಸಿಲ್ಲ. ಉಳಿದ ಎಲೆ ಏರಿಯ ಮೇಲೆ ಹೊದಿಕೆಯಾಗಿ ಕೊಳೆಯುತ್ತಾ ಇದೆ. ಮೊನ್ನೆ ಎತ್ತಿ ನೋಡಿದೆ: ತೇವ, ಕಪ್ಪು ಪುಡಿ, ಎರಡು ಎರೆಹುಳು. ಮನೆಯವರನ್ನೂ ಕರೆದು ತೋರಿಸಿದೆ.

ಈ ವರ್ಷ ನೆಡುವುದು ಒಂದೇ ಮರ, ತೆಂಗು. ಮುರಕಲ್ಲಿನ ಜಾಗದಲ್ಲಿ ಅದಕ್ಕೆ ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ ಬೇಕು. ನೆಡುವ ಆರು ತಿಂಗಳ ಮೊದಲೇ ಗುಂಡಿಯ ತಳಕ್ಕೆ ಎರಡು ಕಿಲೋ ಉಪ್ಪು ಹಾಕಿದರೆ ಕಲ್ಲು ಮೆತ್ತಗಾಗುತ್ತದೆ. ನವೆಂಬರಿನಲ್ಲಿ ನಾನು ಕಲ್ಲುಪ್ಪು ಸುರಿಯುತ್ತಿದ್ದಾಗ ಕೆಳಗಿನ ಮನೆಯಾಕೆ ಇಣುಕಿ, "ಉಪ್ಪಿನಕಾಯಿ ಹಾಕ್ತಿದ್ದೀರಾ ಟೀಚರೇ?" ಎಂದರು.

ಈ ಸಲ ತಗ್ಗಿನ ಬದಿಗೆ ನೀರು ಹೊರಹೋಗಲು ಸಣ್ಣ ಕಣಿ ಬಿಟ್ಟಿದ್ದೇನೆ. ತಳಕ್ಕೆ ಹಾಸಲು ತೆಂಗಿನ ಸಿಪ್ಪೆಯನ್ನು ಅವರೇ ಕೊಟ್ಟಿದ್ದಾರೆ, ಎರಡು ಗೋಣಿ. ನಿನ್ನೆ ಸಂಜೆ ಗುಂಡಿಗಿಳಿದು ಹಾರೆ ಹಾಕಿದೆ. ಠಣ್ಣೆನ್ನಲಿಲ್ಲ. ಒಂದು ಗೇಣು ಒಳಗಿಳಿಯಿತು.

ನಮಸ್ಕಾರ.