ಮಾತಿನಿಂದ ತೀರ್ಮಾನದವರೆಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ವಿದ್ಯಾರ್ಥಿನಿಯೊಬ್ಬಳು ಕಾರವಾರದಲ್ಲಿ ಮೀನು ಮಾರುವ 20 ಹೆಂಗಸರನ್ನು ಮಾತಾಡಿಸಿ, ಅವರ ದುಡಿಮೆ ಬಗ್ಗೆ ವರದಿ ಬರೆದಳು. ಹೀಗೆ ಜನರ ಮಾತು, ಅನುಭವಗಳನ್ನೇ ಆಧಾರ ಮಾಡಿಕೊಂಡ ಅಧ್ಯಯನಕ್ಕೆ ಗುಣಾತ್ಮಕ ಸಂಶೋಧನೆ ಅಂತಾರೆ. ವರದಿ ನೋಡಿದವರೆಲ್ಲ ಕೇಳಿದ್ದು ಒಂದೇ. "ಬರೀ 20 ಜನವಾ?"

ತಲೆ ಎಣಿಸಿ ಇಂಥ ಅಧ್ಯಯನವನ್ನು ಅಳೆಯಲು ಆಗುವುದಿಲ್ಲ. ಆ ಮಾತು ಹೇಗೆ ಸಿಕ್ಕಿತು ಅಂತ ನಾನು ಮೊದಲು ನೋಡುತ್ತೇನೆ. ಯಾವಾಗ ಕೇಳಿದರು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನಗಳಲ್ಲಷ್ಟೇ ಕೇಳಿದರೆ ಸಿಗುವ ಕಥೆಯೇ ಬೇರೆ, ಅಲ್ವಾ?

ಯಾರ ಜೊತೆ ಹೋದರು ಅನ್ನುವುದು ಇನ್ನೂ ಮುಖ್ಯ. ಈ ಹುಡುಗಿ ಮೊದಲ ದಿನ ಬೋಟ್ ಮಾಲೀಕರೊಬ್ಬರ ಜೊತೆ ಹೋಗಿದ್ದಳು. "ಎಲ್ಲ ಚೆನ್ನಾಗಿದೆ" ಅಂದರು ಎಲ್ಲರೂ. ಮುಂದಿನ ವಾರ ಒಬ್ಬಳೇ ಹೋಗಿ ಬುಟ್ಟಿ ಪಕ್ಕ ಕೂತಳು. ಆಗ ಹಣದ ಕಷ್ಟ ಹೊರಗೆ ಬಂತು. ಆ ಎರಡೂ ದಿನಗಳನ್ನು ಅವಳು ಮುಚ್ಚಿಡದೆ ಬರೆದಳು. ನನಗೆ ವರದಿ ಮೇಲೆ ನಂಬಿಕೆ ಹುಟ್ಟಿದ್ದೇ ಅಲ್ಲಿ.

ಇದಕ್ಕೆ ಅಳತೆಗೋಲುಗಳಿವೆ. ಸಂದರ್ಶನ ಆಧರಿಸಿದ ಅಧ್ಯಯನಗಳಿಗೆ 2007ರಲ್ಲಿ ಬಂದ ಕೊರೆಕ್ ಎಂಬ ಪಟ್ಟಿಯಲ್ಲಿ, ವರದಿಯಲ್ಲಿ ಹೇಳಬೇಕಾದ 32 ಅಂಶಗಳಿವೆ. ಅದು ಶುರುವಾಗುವುದೇ ಕೇಳಿದವರು ಯಾರು, ಹೇಳಿದವರಿಗೂ ಅವರಿಗೂ ಏನು ಸಂಬಂಧ ಅನ್ನುವುದರಿಂದ. ಒಳ್ಳೆಯ ಪಟ್ಟಿ. ಆದರೆ ಸುಮ್ನೆ ಟಿಕ್ ಹಾಕುತ್ತಾ ಹೋದರೆ ಅಧ್ಯಯನ ಗಟ್ಟಿಯಾಗುವುದಿಲ್ಲ.

ನಮ್ಮ ಕಡೆ ಭಾಷೆಯದ್ದೂ ಒಂದು ಪ್ರಶ್ನೆ ಇದೆ. ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಕೊನೆಗೆ ಅದು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಅನುವಾದ ಮಾಡಿದ್ದು ಯಾರು, ಮೂಲ ಮಾತಿನ ರೆಕಾರ್ಡಿಂಗ್ ಇದೆಯಾ ಅಂತ ಎಷ್ಟೋ ವರದಿಗಳು ಹೇಳುವುದೇ ಇಲ್ಲ. ಅಂಥ ಕಡೆ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ನಮ್ಮ ಹುಡುಗಿ ಕರಡನ್ನು ಮತ್ತೆ ಮಾರ್ಕೆಟ್ಟಿಗೆ ಒಯ್ದು, ಕೊಂಕಣಿಯಲ್ಲೇ ಓದಿ ಹೇಳಿದಳು. ಹೀಗೆ ಹೇಳಿದವರ ಮುಂದೆಯೇ ಇಟ್ಟು ಸರಿನೋಡುವ ರೂಢಿ ಗುಣಾತ್ಮಕ ಸಂಶೋಧನೆಯಲ್ಲಿ ಹಳೆಯದು. ಅದನ್ನು ಮಾಡುವವರು ಮಾತ್ರ ಕಡಿಮೆ. "ಮೀನುಗಾರ್ತಿಯರ ಸಾಲ" ಅನ್ನುವ ಅಧ್ಯಾಯ ಬಂದಾಗ ಹಿರಿಯರೊಬ್ಬರು ತಡೆದರು. "ಬೆಳಿಗ್ಗೆ ಮೀನು ಎತ್ತಿ ಸಂಜೆ ದುಡ್ಡು ಕೊಡ್ತೇವಲ್ಲ ತಂಗಿ, ಅದು ಉದ್ರಿ. ಬಡ್ಡಿಗೆ ತಂದಿದ್ದು ಸಾಲ."

ಅವಳು ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದ್ದಳು. ಆ ಅಧ್ಯಾಯವನ್ನು ಮೊದಲಿನಿಂದ ಮತ್ತೆ ಬರೆದಳು.

ನಮಸ್ಕಾರ.