ನಿಧಾನವಾಗಿ ಓಡಿ, ಎದೆಬಡಿತ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಓಡಲು ಶುರುಮಾಡಿ ಮೂರ್ನಾಲ್ಕು ತಿಂಗಳಾದವರು, ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು ಕಾಯುತ್ತಿರುವವರು, ಕೈಗೆ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಅದರಲ್ಲಿ ಮಿನುಗುವ ಎದೆಬಡಿತದ ಸಂಖ್ಯೆಯನ್ನು ಏನು ಮಾಡಬೇಕೆಂದು ತಿಳಿಯದವರು, ಇವತ್ತಿನ ಮಾತು ನಿಮಗಾಗಿ. ನನ್ನ ಬಳಿ ಹೇಳುವುದಕ್ಕೆ ಇರುವುದು ಒಂದೇ ವಿಷಯ. ನೀವು ವಿಪರೀತ ಜೋರಾಗಿ ಓಡುತ್ತಿದ್ದೀರಿ. ನಿಧಾನ ಮಾಡಿ.

ಓಟ ಕಲಿಸುವ ನನಗೆ ಹೆಚ್ಚು ಕೇಳಿಬರುವ ದೂರು ಇದು: "ಸರ್, ದಿನಾ ಓಡ್ತೀನಿ, ಆದ್ರೂ ಸ್ಪೀಡ್ ಬರ್ತಾನೇ ಇಲ್ಲ." ವಾಚ್ ತೋರಿಸಿ ಅನ್ನುತ್ತೇನೆ. ಎದೆಬಡಿತ ಸೋಮವಾರ ನಿಮಿಷಕ್ಕೆ 165, ಬುಧವಾರ 168, ಶುಕ್ರವಾರ 166. ಮೂರು ದಿನವೂ ಏದುಸಿರು, ಮೂರು ದಿನವೂ ಸುಸ್ತು. ಸ್ಪರ್ಧೆಯ ದಿನ ಪಡಬೇಕಾದ ಕಷ್ಟವನ್ನು ಇವರು ವಾರಕ್ಕೆ ಮೂರು ಸಲ ಪಡುತ್ತಿದ್ದಾರೆ. ವೇಗ ಎಲ್ಲಿಂದ ಬರಬೇಕು?

ನಿಧಾನವಾಗಿ ಓಡುವಾಗ ದೇಹದೊಳಗೆ ದೊಡ್ಡ ಕೆಲಸ ನಡೆಯುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕಲು ಕಲಿಯುತ್ತದೆ. ಕಾಲಿನ ಸ್ನಾಯುಗಳೊಳಗೆ ಕೂದಲೆಳೆಗಿಂತ ತೆಳ್ಳನೆಯ ಹೊಸ ರಕ್ತನಾಳಗಳು ಹುಟ್ಟುತ್ತವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ದೇಹ ಸಕ್ಕರೆಯನ್ನು ಉಳಿಸಿಕೊಂಡು ಕೊಬ್ಬನ್ನು ಉರಿಸುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ವಾರಕ್ಕೆ ಹಲವು ಗಂಟೆಗಳ ಓಟ ಬೇಕು, ತಿಂಗಳುಗಟ್ಟಲೆ ಬೇಕು. ಏದುಸಿರು ಬಿಡುತ್ತಾ ಅಷ್ಟು ಹೊತ್ತು ಓಡಲು ಯಾರ ಕೈಲೂ ಆಗುವುದಿಲ್ಲ. ಅದಕ್ಕೇ ಹೇಳುವುದು, ನಿಧಾನ ಮಾಡಿ ಎಂದು.

ಎಷ್ಟು ನಿಧಾನ? 180ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ. ನಲವತ್ತು ವರ್ಷದವರಿಗೆ 140. ಓಡುವಾಗ ಎದೆಬಡಿತ ಆ ಗೆರೆ ದಾಟಬಾರದು. ದಾಟಿತೋ, ವೇಗ ತಗ್ಗಿಸಿ. ಏರು ಬಂದು ಆಗಲೂ ದಾಟಿದರೆ ನಡೆಯಿರಿ. ನಡೆಯಲು ನಾಚಿಕೆ ಯಾಕೆ? 220ರಿಂದ ವಯಸ್ಸು ಕಳೆಯುವ ಇನ್ನೊಂದು ಲೆಕ್ಕ ನಿಮಗೆ ಗೊತ್ತಿರಬಹುದು. ಅದು ಗರಿಷ್ಠ ಬಡಿತದ ಸರಾಸರಿ ಅಂದಾಜು. ದಿನನಿತ್ಯದ ಓಟಕ್ಕೆ ಅದು ಬೇಡ, ಮರೆತುಬಿಡಿ.

ಈ 180ರ ಸೂತ್ರ ಕೊಟ್ಟವರು ಅಮೆರಿಕದ ತರಬೇತುದಾರ ಫಿಲ್ ಮ್ಯಾಫೆಟೋನ್. ಅದನ್ನು ನಂಬಿ ನಡೆದವರು, ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನ್ ಸ್ಪರ್ಧೆಯ ಆಟಗಾರ ಮಾರ್ಕ್ ಆಲೆನ್. ಇವರ ಕಥೆಯನ್ನು ನಾನು ಪ್ರತಿಯೊಬ್ಬ ಹೊಸ ಓಟಗಾರನಿಗೂ ಹೇಳುತ್ತೇನೆ, ನಿಮಗೂ ಹೇಳಲೇಬೇಕು.

1980ರ ದಶಕದ ಮೊದಲ ವರ್ಷಗಳಲ್ಲೇ ಆಲೆನ್ ಹೆಸರು ಮಾಡಿದ್ದರು. ಆದರೆ ಅಭ್ಯಾಸದಲ್ಲಿ ದಿನವೂ ಜೋರು ಓಟ. ಅದರ ಫಲ ಗಾಯ, ದಣಿವು. ಮ್ಯಾಫೆಟೋನ್, ಆಲೆನ್ ಎದೆಗೆ ಬಡಿತ ಎಣಿಸುವ ಪಟ್ಟಿ ಕಟ್ಟಿಸಿ, 155 ದಾಟಬೇಡ ಎಂದರು. ಆಲೆನ್ ಓಡಿ ನೋಡಿದರು. ಕಿಲೋಮೀಟರಿಗೆ ಮೂರೂವರೆ ನಿಮಿಷದಲ್ಲಿ ಓಡಬಲ್ಲ ಮನುಷ್ಯ, 155ರೊಳಗೆ ಉಳಿಯಬೇಕೆಂದರೆ ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳಬೇಕಾಯಿತು! ವಿಶ್ವಮಟ್ಟದ ಆಟಗಾರನಿಗೆ ಅದು ಎಂಥ ಅವಮಾನ, ಯೋಚಿಸಿ. ಆದರೂ ಬಿಡಲಿಲ್ಲ. ಗೆರೆಯೊಳಗೇ ಓಡಿದರು. ತಿಂಗಳುಗಳು ಕಳೆದಂತೆ ಬಡಿತ ಅಷ್ಟೇ ಇದ್ದು ವೇಗ ಏರತೊಡಗಿತು. ಸುಮಾರು ಒಂದು ವರ್ಷದ ಹೊತ್ತಿಗೆ ಅದೇ 155ರಲ್ಲಿ ಕಿಲೋಮೀಟರಿಗೆ ಮೂರೂವರೆ ನಿಮಿಷದೊಳಗೆ ಓಡುತ್ತಿದ್ದರು. ಮೊದಲು ಪ್ರಾಣ ಹಿಂಡುತ್ತಿದ್ದ ವೇಗ ಈಗ ಆರಾಮದ ವೇಗವಾಗಿತ್ತು.

ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ಕೇಳಿದ್ದೀರಲ್ಲ? 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದಾದ ಮೇಲೆ ಪೂರ್ತಿ ಮ್ಯಾರಥಾನ್. ಅಲ್ಲಿ ಆಲೆನ್ ಆರು ಸಲ ಪ್ರಯತ್ನಿಸಿ ಗೆಲ್ಲಲಾಗದೆ ಬಂದಿದ್ದರು. ಎದುರಾಳಿ ಡೇವ್ ಸ್ಕಾಟ್ ಆ ಹೊತ್ತಿಗೆ ಆರು ಸಲ ಗೆದ್ದಿದ್ದವರು. 1989ರಲ್ಲಿ ಇಬ್ಬರೂ ಹತ್ತಿರಹತ್ತಿರ ಎಂಟು ಗಂಟೆಗಳ ಕಾಲ ಜೊತೆಜೊತೆಯಾಗಿಯೇ ಸಾಗಿದರು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಒಬ್ಬರಿಗೊಬ್ಬರು ಒಂದು ಮಾತಿಲ್ಲ. ಮ್ಯಾರಥಾನಿನ ಕೊನೆಯ ಕಿಲೋಮೀಟರುಗಳ ಏರಿನಲ್ಲಿ ಆಲೆನ್ ಮುಂದೆ ಹೋದರು. ಗೆಲುವಿನ ಅಂತರ 58 ಸೆಕೆಂಡು. ಅಷ್ಟೆಲ್ಲ ಈಜಿ, ಸೈಕಲ್ ತುಳಿದ ಮೇಲೆ ಅವರು ಓಡಿದ ಮ್ಯಾರಥಾನ್ 2 ಗಂಟೆ 40 ನಿಮಿಷ! ಮುಂದೆ ಒಟ್ಟು ಆರು ಸಲ ಗೆದ್ದರು. ಕೊನೆಯದು 1995ರಲ್ಲಿ, 37ನೇ ವಯಸ್ಸಿನಲ್ಲಿ. ಆ ಸಲ ಓಟ ಶುರುಮಾಡುವಾಗ ಮುಂದಿದ್ದವನಿಗಿಂತ ಹದಿಮೂರು ನಿಮಿಷ ಹಿಂದಿದ್ದರು, ಓಡಿಯೇ ಹಿಡಿದರು. ಇಂಥವರು ನಿಧಾನವಾಗಿ ಓಡಲು ಒಪ್ಪಿದರು. ನಿಮ್ಮದೇನು ತಕರಾರು?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಮಣಿಕಟ್ಟಿನ ವಾಚ್ ಬೆಳಕು ಹಾಯಿಸಿ ರಕ್ತದ ಹರಿವು ನೋಡುತ್ತದೆ. ಸಡಿಲವಿದ್ದರೆ ಕೆಲವೊಮ್ಮೆ ಎದೆಬಡಿತ ಬಿಟ್ಟು ನಿಮ್ಮ ಹೆಜ್ಜೆಯನ್ನೇ ಎಣಿಸುತ್ತದೆ. ಆರಾಮವಾಗಿ ಓಡುತ್ತಿದ್ದರೂ 175 ತೋರಿಸಿದರೆ ಸಂಶಯಪಡಿ, ಬಿಗಿಯಾಗಿ ಕಟ್ಟಿ. ಎದೆಪಟ್ಟಿ ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುತ್ತದೆ, ಸಾಧ್ಯವಾದರೆ ಅದನ್ನೇ ಕೊಳ್ಳಿ. ಬಿಸಿಲಿನ ದಿನ, ನಿದ್ದೆಗೆಟ್ಟ ದಿನ ಅದೇ ವೇಗಕ್ಕೆ ಬಡಿತ ಜಾಸ್ತಿಯಾಗುತ್ತದೆ. ಆಗ ವೇಗದ ಆಸೆ ಬಿಟ್ಟು ಬಡಿತದ ಮಾತು ಕೇಳಿ. ವಾರಕ್ಕೊಮ್ಮೆ ಜೋರು ಓಟ ಇರಲಿ. ಆದರೆ ಅರ್ಧ ನಿಮಿಷದ ಓಟಗಳಲ್ಲಿ ವಾಚ್ ನೋಡಬೇಡಿ, ಬಡಿತ ಏರುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ. ಎಂದಿಗಿಂತ ಏಳೆಂಟು ಹೆಚ್ಚಿದ್ದರೆ ಅವತ್ತು ವಿಶ್ರಾಂತಿ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ, ವೈದ್ಯರನ್ನು ಕೇಳಿ.

ಪಟ್ಟಿಯೂ ವಾಚೂ ಇಲ್ಲದವರು ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಿ. ಮಾತು ತುಂಡಾದರೆ ನಿಧಾನ ಮಾಡಿ.

ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ, ನಿಮ್ಮ ಗೆರೆಯ ಬಡಿತದಲ್ಲೇ ಐದು ಕಿಲೋಮೀಟರ್ ಓಡಿ ಸಮಯ ಬರೆದಿಡಿ. ಮೊದಲ ತಿಂಗಳು ಬೇಸರವಾಗುತ್ತದೆ, ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಮೂರನೇ ತಿಂಗಳು ಆ ಪುಸ್ತಕ ತೆರೆದು ನೋಡಿ, ಆಮೇಲೆ ನನ್ನ ಜೊತೆ ವಾದಕ್ಕೆ ಬನ್ನಿ.

ನಮಸ್ಕಾರ.